ಇನ್ನೂರು ಯೂನಿಟ್ಟಿನ ಕಾವಲುಗಾರರು

ಹೋದ ವಾರವೆಲ್ಲ ನಮ್ಮ ಮನೆಯ ಕಂಪ್ಯೂಟರಿಗೆ ದಿನಾ ಬೆಳಗ್ಗೆ 2012ರ ಜನವರಿ ಒಂದು. ಕಪ್ಪು ಪರದೆಯ ಮೇಲೆ ‘ಎಫ್1 ಒತ್ತಿ’ ಎಂಬ ಅಪ್ಪಣೆ. ಒತ್ತಿದರೆ ಹೊಸ ವರ್ಷ. ನಾನು ತಾರೀಕು ತಿದ್ದಿ ಮೀಟಿಂಗಿಗೆ ಸೇರುವಷ್ಟರಲ್ಲಿ ಬೈಗುಳದ ಮೊದಲ ಸುತ್ತು ಮುಗಿದಿರುತ್ತಿತ್ತು.

ತಪ್ಪು ಮದರ್‌ಬೋರ್ಡಿನ ಮೇಲೆ ಕೂತ ಬಟನ್ ಸೆಲ್ಲಿನದು. ಹೆಸರು ಸಿಆರ್ 2032. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಜಾತಕವೆಲ್ಲ ಆ ಹೆಸರಿನಲ್ಲೇ ಇದೆ. ಕರೆಂಟಿಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದು ಅದರ ಕೆಲಸ. 1981ರ ಐಬಿಎಂ ಪಿಸಿಯಲ್ಲಿ ಈ ಏರ್ಪಾಡು ಇರಲಿಲ್ಲ. ಚಾಲೂ ಮಾಡಿದಾಗಲೆಲ್ಲ ತಾರೀಕು, ವೇಳೆ ಹೇಳಬೇಕಿತ್ತು. 1984ರ ಎಟಿ ಮಾದರಿಯಲ್ಲಿ ಬ್ಯಾಟರಿಯ ಗಡಿಯಾರ ಬಂತು. ನಮ್ಮ ಮಾವನವರು ನನ್ನನ್ನು ಮತ್ತೆ 1981ಕ್ಕೆ ಕಳಿಸಿದರು.

ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಆ ಗಡಿಯಾರ ಮನೆಯ ಕರೆಂಟಿನಲ್ಲೇ ಓಡುತ್ತದೆ, ಸೆಲ್ಲು ಸವೆಯುವುದಿಲ್ಲ. ಆದರೆ ಗೃಹಜ್ಯೋತಿ ಬಂದ ಮೇಲೆ ಮಾವನವರು ಇನ್ನೂರು ಯೂನಿಟ್ಟಿನ ಗಡಿ ಕಾಯಲು ನಿಂತಿದ್ದಾರೆ. ರಾತ್ರಿ ಊಟವಾದದ್ದೇ ಟಾರ್ಚ್ ಹಿಡಿದು ಗಸ್ತು ಶುರು. ಟಿವಿ, ಮಿಕ್ಸಿ, ಫಿಲ್ಟರು, ಚಾರ್ಜರು, ಕೊನೆಗೆ ಕಂಪ್ಯೂಟರು: ಟಕ್, ಟಕ್, ಟಕ್. ಕೆಂಪು ದೀಪ ಎಲ್ಲಿ ಕಂಡರೂ ಅವರಿಗೆ ಅದು ಸೋರುವ ನಲ್ಲಿ. ಒಮ್ಮೆ ಫ್ರಿಜ್ಜನ್ನೂ ಆರಿಸಿ, ಬೆಳಗ್ಗೆ ದೋಸೆಹಿಟ್ಟು ಬಾಗಿಲು ತಳ್ಳಿಕೊಂಡು ಹೊರಗೆ ಬಂದಿತ್ತು. “ಹುದುಗು ಚೆನ್ನಾಗಿ ಬಂದಿದೆಯಲ್ಲಮ್ಮ” ಎಂದರೇ ಹೊರತು ಬೇರೆ ಮಾತಿಲ್ಲ.

ಇಷ್ಟು ಮಾಡಿಯೂ ಬೇಸಿಗೆಯ ಸೆಖೆಗೆ ಗಡಿ ದಾಟಿ ಬಿಲ್ಲು ಬಂದೇಬಿಟ್ಟಿತು. ಮನೆಯಲ್ಲಿ ಸೂತಕದ ವಾತಾವರಣ. ಕಟ್ಟೋಣವೆಂದು ಅವರನ್ನೂ ಕೂರಿಸಿಕೊಂಡು ಕಂಪ್ಯೂಟರ್ ಹಾಕಿದರೆ ಪುಟವೇ ತೆರೆಯಲೊಲ್ಲದು: ನಿಮ್ಮ ಗಡಿಯಾರ ಹಿಂದಿದೆ, ಈ ತಾಣ ಸುರಕ್ಷಿತವಲ್ಲ. ತಾಣದ ಸುರಕ್ಷತಾ ಪತ್ರ ಈ ವರ್ಷದ್ದು, ನಮ್ಮ ಯಂತ್ರದ ಲೆಕ್ಕದಲ್ಲಿ ಅದಿನ್ನೂ ಹುಟ್ಟಿಯೇ ಇಲ್ಲ. ಕರೆಂಟು ಉಳಿಸಿದ್ದಕ್ಕೆ ಕರೆಂಟಿನ ಬಿಲ್ಲು ಕಟ್ಟಲಾಗುತ್ತಿಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ವಿವರಿಸುತ್ತಿದ್ದೆ. ಅವರು ಮೂಲೆಯ ತಾರೀಕನ್ನೇ ನೋಡುತ್ತಿದ್ದರು. “2012ರಲ್ಲಿ ನಿಮ್ಮ ಅತ್ತೆ ಇದ್ದಳು. ರಾತ್ರಿ ಅವಳೇ ಎಲ್ಲ ಆರಿಸಿ ಬರುತ್ತಿದ್ದಳು” ಎಂದರು. ನನ್ನ ಭಾಷಣ ಅಲ್ಲಿಗೇ ನಿಂತಿತು.

ಅಂಗಡಿಯ ಹುಡುಗ ಬಂದು ಹೊಸ ಸೆಲ್ಲು ಕೂರಿಸಿ, ಗೋಡೆಯ ಸ್ವಿಚ್ ಮುಟ್ಟಬೇಡಿ, ಸೆಲ್ಲು ಇನ್ನಷ್ಟು ಬಾಳುತ್ತದೆ ಎಂದ. ಮಾವನವರು ಹಳೆಯದನ್ನು ತಿರುಗಿಸಿ ನೋಡುತ್ತ, “ರಾತ್ರಿಯೆಲ್ಲ ಯಾರೂ ನೋಡದ ಗಡಿಯಾರ ಯಾಕಪ್ಪ ಓಡಬೇಕು?” ಎಂದು ಕೇಳಿದರು. ಅವನು ಉತ್ತರಕ್ಕಾಗಿ ನನ್ನ ಮುಖ ನೋಡಿದ.

ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ ‘ಆರಿಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಈವತ್ತು ಬೆಳಗ್ಗೆ ನೋಡಿದೆ. ಟೇಪನ್ನು ಅವರು ಮುಟ್ಟಿಯೇ ಇಲ್ಲ. ಪ್ಲಗ್ಗನ್ನು ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲಿಟ್ಟಿದ್ದಾರೆ.