ಒಲೆಗೆ ಹಾಕುವ ಮೊದಲು ಆ ಕಾಫಿ ಬೊಡ್ಡೆ ನೋಡಿ

ಸೌಟು ಕೆತ್ತಲು ಹಸಿ ಮರವೇ ಬೇಕು ಎನ್ನುವವರು ಜಾಸ್ತಿ. ಹಸಿ ಮರ ಉಳಿಗೆ ಬೆಣ್ಣೆ ಥರ ಸಿಗುತ್ತದೆ, ನಿಜ. ಆದರೂ ನಾನು ಒಣ ಮರದ ಕಡೆಯವನು. ಹಸಿಯಲ್ಲಿ ಕೆತ್ತಿದ ಸೌಟು ಆರುತ್ತಾ ಆರುತ್ತಾ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ದಪ್ಪ ಇದ್ದ ಕಡೆ ಸೀಳುತ್ತದೆ, ನಮ್ಮ ಸೋಮವಾರಪೇಟೆ ಕಡೆಯ ಜುಲೈ ಮಳೆಯಲ್ಲಂತೂ ಆರುವ ಮೊದಲೇ ಬೂಷ್ಟು ಹಿಡಿಯುತ್ತದೆ.

ನಾನು ಕೆತ್ತುವುದು ಹಳೇ ರೋಬಸ್ಟಾ ಕಾಫಿ ಗಿಡದ ಬುಡದಲ್ಲಿ. ಮರುನಾಟಿಗೆ ಗಿಡ ಕಿತ್ತಾಗ ಎಲ್ಲವೂ ಸೌದೆಗೆ ಹೋಗುತ್ತದೆ, ಅಲ್ವಾ? ಅದರಲ್ಲಿ ನೆಟ್ಟಗಿರುವ ನಾಲ್ಕು ತುಂಡು ತೆಗೆದಿಡಿ. (ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡ ಮಾತ್ರ ಬೇಡ, ಅದನ್ನು ಸುಡಲೇಬೇಕು.) ಉದ್ದಕ್ಕೆ ಸೀಳಿ, ನಡುವಿನ ತಿರುಳು ತೆಗೆದು, ಎರಡೂ ತುದಿಗೆ ಮೇಣ ಬಳಿದು ಅಟ್ಟಕ್ಕೆ ಹಾಕಿ. ನೀರು ಬೇಗ ಹೋಗುವುದು ತುದಿಯಿಂದಲೇ, ಬಿರುಕು ಶುರುವಾಗುವುದೂ ಅಲ್ಲೇ. 1 ಇಂಚು ದಪ್ಪಕ್ಕೆ ಸುಮಾರು 1 ವರ್ಷ ಅಂತ ಲೆಕ್ಕ.

ಒಣಗಿದ ಕಾಫಿ ಮರ ಗಟ್ಟಿ. ಉಳಿ ಚೂರು ಮೊಂಡಾದರೂ ಜಾರಿ ಕೈಗೇ ಬರುತ್ತದೆ, ಹಾಗಾಗಿ ಸಾಣೆಕಲ್ಲು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ. ಮೊದಲು ಗುಳಿ, ಆಮೇಲೆ ಹೊರಗಿನ ಆಕಾರ. ತುಂಡು ಚೌಕವಾಗಿದ್ದಾಗಲೇ ಗುಳಿ ತೋಡಿದರೆ ಅಲ್ಲಾಡದೆ ಕೂರುತ್ತದೆ. ಉಳಿಯನ್ನು ಮರದ ನಾರಿನ ಎಳೆಗೆ ಅಡ್ಡಲಾಗಿ ನಡೆಸಬೇಕು. ಉದ್ದಕ್ಕೆ ತೋಡುವುದಾದರೆ ಎರಡೂ ಕಡೆಯಿಂದ ಗುಳಿಯ ತಳದವರೆಗೆ ಅಷ್ಟೇ. ತಳ ದಾಟಿದರೆ ಎಳೆ ಎದುರಾಗಿ ಸಿಬಿರು ಏಳುತ್ತದೆ.

ನನ್ನ ಮೊದಲ ಸೌಟು ಕತ್ತಿನಲ್ಲೇ ಮುರಿಯಿತು. ಊರಿನ ಆಚಾರಿ ಆ ತುಂಡು ತಿರುಗಿಸಿ ನೋಡಿ, "ಎಳೆ ಅಡ್ಡ ಓಡಿದೆಯಲ್ಲಾ, ಹಿಡಿ ಹೇಗೆ ನಿಲ್ಲುತ್ತೆ?" ಎಂದರು. ಅವತ್ತಿನಿಂದ ಪೆನ್ಸಿಲ್ ಗೆರೆ ಹಾಕುವ ಮೊದಲು ಎಳೆ ಯಾವ ಕಡೆ ಹೋಗುತ್ತದೆ ಅಂತ ನೋಡುತ್ತೇನೆ.

ಸ್ಯಾಂಡ್‌ಪೇಪರ್ ಹಾಕಿದ ಮೇಲೆ ಒಮ್ಮೆ ಒದ್ದೆ ಮಾಡಿ, ಆರಿಸಿ, ಮತ್ತೆ ಉಜ್ಜಿ. ಇಲ್ಲದಿದ್ದರೆ ಮೊದಲ ಸಲ ತೊಳೆದಾಗಲೇ ತರಿತರಿಯಾಗುತ್ತದೆ. ವಾರ್ನಿಶ್ ಮಾತ್ರ ದಯವಿಟ್ಟು ಬೇಡ. ಬಿಸಿ ಸಾರಿನಲ್ಲಿ ದಿನಾ ಅದ್ದುವ ಸೌಟಿನಿಂದ ಅದು ಇವತ್ತಲ್ಲ ನಾಳೆ ಎದ್ದು ಬರುತ್ತದೆ, ಸುಮ್ನೆ ಹೊಳಪಿಗೋಸ್ಕರ ಅದನ್ನು ಯಾಕೆ ತಿನ್ನಬೇಕು?

ನಮ್ಮ ಮನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಪಂದಿ ಕರಿ ತಿರುಗಿಸುವುದೂ ಕಾಫಿ ಮರದ ಸೌಟಿನಲ್ಲೇ. ಅಮ್ಮ ಬಳಸುವ ಸೌಟಿನ ಎಡ ಅಂಚು ಪಾತ್ರೆಯ ತಳಕ್ಕೆ ಉಜ್ಜಿ ಉಜ್ಜಿ ಓರೆಯಾಗಿ ಸವೆದಿದೆ, ಈಗ ಮೂಲೆಯ ಮಸಾಲೆಯನ್ನೂ ಕೆರೆದು ತರುತ್ತದೆ. ಮೊನ್ನೆ ಹೊಸದೊಂದು ಕೆತ್ತುವಾಗ ಆ ಓರೆಯನ್ನೇ ಅಳತೆ ಹಿಡಿದೆ.