ಬೆವರದ ಜನರ ಬಡಾವಣೆ

ಮತ್ತೊಂದು ಹಳೇ ಬಡಾವಣೆಗೆ ನಗರ ಪುನರುಜ್ಜೀವನದ, ಅಂದರೆ ಹಳೇದು ಕೆಡವಿ ಹೊಸದು ಕಟ್ಟುವ, ಭಾಗ್ಯ ಬಂದಿದೆಯಂತೆ. ಯೋಜನೆಯ ಚಿತ್ರ ನೀವೂ ನೋಡಿರ್ತೀರಿ. ಕಂಪ್ಯೂಟರ್‌ನಲ್ಲಿ ಹುಟ್ಟಿದ ಆ ಊರಲ್ಲಿ ಯಾರೂ ಬೆವರುವುದಿಲ್ಲ. ಒಂದು ಮಗು ಬಲೂನ್ ಹಿಡಿದಿದೆ. ಒಬ್ಬಾಕೆ ಹುಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಾಳೆ, ಇರುವೆ ಕಚ್ಚುತ್ತಿಲ್ಲ. ಮಹಡಿ ಮೇಲೆ ಒಂದು ಒದ್ದೆ ಬಟ್ಟೆಯೂ ಇಲ್ಲ. ಮುದುಕರಂತೂ ಇಲ್ಲವೇ ಇಲ್ಲ. ಮರಗಳು ಮಾತ್ರ ಉದ್ಘಾಟನೆಗೆ ಮೊದಲೇ 50 ವರ್ಷ ಬೆಳೆದು ನಿಂತಿವೆ. ಈಗ ಅಲ್ಲಿರುವವರ ಪೈಕಿ ಒಂದು ಮುಖವೂ ಚಿತ್ರದಲ್ಲಿಲ್ಲ. ಪಾಪ, ಜಾಗ ಸಾಲಲಿಲ್ಲವೇನೋ.

ಹಳೇ ವಿದ್ಯೆ ಇದು. 1853ರಲ್ಲಿ ಫ್ರಾನ್ಸಿನ ಚಕ್ರವರ್ತಿ ನೇಮಿಸಿದ ಆಡಳಿತಾಧಿಕಾರಿ ಓಸ್ಮಾನ್ ಸಾಹೇಬರು ಪ್ಯಾರಿಸ್ ಅಗೆಯಲು ನಿಂತರು. ಬೀದಿ ಅಗಲವಾಯಿತು, ಒಳಚರಂಡಿ ಬಂತು, ಊರು ಚೆಂದವಾಯಿತು. ಸುಳ್ಳು ಹೇಳಬಾರದು. ಬಾಡಿಗೆಯೂ ಅಷ್ಟೇ ಚೆಂದವಾಗಿ ಏರಿ ಬಡವರು ಊರಂಚಿಗೆ ಹೋದರು.

ದಕ್ಷಿಣ ಕೊರಿಯಾದ ಸೋಲ್ ನಗರದ್ದು ಇನ್ನೂ ಸೊಗಸು. ಹೊಳೆ ಮುಚ್ಚಿ ಅದರ ಮೇಲೆ ಹೆದ್ದಾರಿ ಕಟ್ಟಿದರು. ಅದು ಅಭಿವೃದ್ಧಿ. 2003ರಲ್ಲಿ ಹೆದ್ದಾರಿ ಕೆಡವಲು ಹೊರಟು 2005ಕ್ಕೆ ಹೊಳೆ ತೆರೆದರು. ಅದೂ ಅಭಿವೃದ್ಧಿ. ಹೊಳೆಗೆ ನೀರು ಪಂಪಿನಲ್ಲಿ ಬರುತ್ತದೆ, ಆ ಮಾತು ಬೇರೆ.

ನನ್ನ ಹೊಟ್ಟೆ ಉರಿಸುವುದು ಅಮೆರಿಕದ ಬಾಸ್ಟನ್ನಿನ ವೆಸ್ಟ್ ಎಂಡ್ ಬಡಾವಣೆ. ವಲಸೆ ಬಂದು ದುಡಿದು ತಿನ್ನುವವರ ಕೇರಿ. ಕೊಳೆಗೇರಿ ಅಂತ ಮುದ್ರೆ ಒತ್ತಿ 1958ರಿಂದ ಕೆಡವತೊಡಗಿದರು. 2,500ಕ್ಕೂ ಜಾಸ್ತಿ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಆ ಜಾಗದಲ್ಲಿ ದುಬಾರಿ ಬಾಡಿಗೆಯ ಬಹುಮಹಡಿ ಕಟ್ಟಡಗಳು ಎದ್ದವು. ಪಕ್ಕದ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರ ಕಣ್ಣಿಗೆ ಬೀಳಲಿ ಅಂತ ಒಂದು ಬೋರ್ಡ್ ಬೇರೆ: 'ನೀವು ಇಲ್ಲಿದ್ದಿದ್ದರೆ ಇಷ್ಟೊತ್ತಿಗೆ ಮನೆ ಸೇರಿರುತ್ತಿದ್ದಿರಿ.'

ಅಲ್ರೀ, ಒಕ್ಕಲೆಬ್ಬಿಸಿದ ಆ ಜನ ಅಲ್ಲೇ ಇದ್ದರಲ್ಲ! ಅಲ್ಲೇ ಹುಟ್ಟಿ ಬೆಳೆದವನು ಅದೇ ರಸ್ತೆಯಲ್ಲಿ ಇಂಚಿಂಚೇ ಸಾಗುತ್ತಾ ಇದನ್ನು ಓದಬೇಕು. ಬೋರ್ಡ್ ಬರೆದವನಿಗೆ ಅದು ಜಾಹೀರಾತು.

ಇದಕ್ಕೆ ನಗೋಕೂ ಬರುವುದಿಲ್ಲ, ಸಾಕಾಗಿದೆ. ಸೋರುವ ಚಾವಣಿ ರಿಪೇರಿ ಮಾಡಿ. ನಲ್ಲಿಗೆ ನೀರು ಬಿಡಿ. ಇರೋರನ್ನು ಇರಲು ಬಿಡಿ. ಊರು ಸುಧಾರಿಸೋಕೆ ಊರಿನವರನ್ನೇ ಯಾಕೆ ಓಡಿಸಬೇಕು? ರಿಪೇರಿಗೆ ರಿಬ್ಬನ್ ಕತ್ತರಿಸೋಕೆ ಆಗಲ್ಲ, ಅದೇ ತಕರಾರು ಅಲ್ವಾ?

ಹೊಸ ಯೋಜನೆಗೆ ಆಕ್ಷೇಪಣೆ ಇದ್ದರೆ ಕೆಲಸ ಮುಗಿದ ಮೇಲೂ ಸಲ್ಲಿಸಬಹುದು ಅಂತಿಟ್ಟುಕೊಳ್ಳಿ. ಅರ್ಜಿಯಲ್ಲಿ ಮನೆ ವಿಳಾಸ ಕಡ್ಡಾಯ ಇರುತ್ತದೆ.