ನೇಲ್ ಪಾಲಿಶ್ ಹಚ್ಚಿದ ವಾಲ್ವ್

ಹೋದ ವರ್ಷ ಒಂದು ಮದುವೆಗೆ ಅಂತ ಮೈಸೂರಿಗೆ ಹೋಗಿ ಹೋಟೆಲ್‌ನಲ್ಲಿ ಉಳಿದಿದ್ದೆವು. ಎಲ್ಲ ಶುರುವಾಗಿದ್ದು ಅಲ್ಲಿನ ಶವರ್‌ನಿಂದ. ಬೆನ್ನಿಗೆ ಯಾರೋ ಗುದ್ದಿ ಗುದ್ದಿ ಮಾಲಿಶ್ ಮಾಡಿದ ಹಾಗೆ ನೀರು! ಬೆಂಗಳೂರಿನ ನಮ್ಮ ಮನೆಯಲ್ಲಿ ಟ್ಯಾಂಕ್ ಇರುವುದು ಶವರ್‌ಗಿಂತ ಎಂಟೇ ಅಡಿ ಮೇಲೆ. 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ಕೆಜಿ ಪ್ರೆಶರ್ ಅನ್ನುವುದು ಲೆಕ್ಕ, ಎಂಟಡಿಗೆ ಕಾಲು ಕೆಜಿ. ಕಾಲು ಕೆಜಿ ಬೆಂಡೆಕಾಯಲ್ಲಿ ಎಷ್ಟು ಜನಕ್ಕೆ ಪಲ್ಯ ಆಗುತ್ತೆ ಹೇಳಿ.

ಸರಿ, ಪ್ರೆಶರ್ ಪಂಪ್ ಹಾಕಿಸಿದೆ. ತಣ್ಣೀರಿನ ಲೈನಿಗೆ ಮಾತ್ರ. ನಮ್ಮ ಸೋಲಾರ್ ಟ್ಯಾಂಕ್ ಅಷ್ಟು ಪ್ರೆಶರ್ ತಡೆಯಲ್ಲ ಅಂದರು ಪ್ಲಂಬರ್. ನಾನೂ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದೆ.

ಮಾರನೇ ದಿನ ಬೆಳಿಗ್ಗೆ ಶವರ್ ಕೆಳಗೆ ನಿಂತೆ. ಹಿತವಾಗಿ ಬೆಚ್ಚಗೆ ಬಂತು. ತಲೆಗೆ ಶಾಂಪೂ ಹಾಕಿಕೊಂಡೆ. ಅಷ್ಟರಲ್ಲಿ ತಾರಸಿ ಮೇಲೆ 'ಘರ್ರ್' ಅಂತ ಪಂಪ್ ಎದ್ದಿತು, ಜನವರಿ ತಿಂಗಳ ತಣ್ಣೀರು ಬೆನ್ನಿಗೆ ಛಡಿಯೇಟು ಬಿದ್ದ ಹಾಗೆ ಬಿತ್ತು. ಕಣ್ಣು ಮುಚ್ಚಿಕೊಂಡೇ ತಡಕಾಡಿ ತಣ್ಣೀರು ನಿಲ್ಲಿಸಿದೆ. ಬರೀ ಬಿಸಿನೀರು, ಅದೂ ಕೋಳಿ ಪುಕ್ಕ ಕೀಳುವಷ್ಟು ಬಿಸಿ. ಮತ್ತೆ ತಣ್ಣೀರು ಬಿಟ್ಟೆ, ಮತ್ತೆ ಘರ್ರ್. ಹೀಗೆ ನಾಲ್ಕು ಸಲ. ಹೊರಗಿನಿಂದ ಹೆಂಡತಿ "ಏನ್ರೀ, ಭಜನೆನಾ?" ಅಂದಳು.

ಮೂರನೇ ದಿನ ಪಕ್ಕದ ಮನೆ ಆಂಟಿ ಬಂದರು. "ನಿಮ್ಮ ಸೋಲಾರ್ ಏರ್ ಪೈಪಿಂದ ನೀರು ಸುರೀತಾ ಇದೆ, ದಿನಾ ಎಂಟು ಗಂಟೆಗೆ ಸರಿಯಾಗಿ." ಅದು ನಾನು ಸ್ನಾನ ಮಾಡುವ ಹೊತ್ತು.

ಪ್ಲಂಬರ್ ಬಂದವರೇ "ಸಾರ್, ಎನ್‌ಆರ್‌ವಿ ಹಾಕಿಲ್ವಲ್ಲ!" ಅಂದರು. ಎನ್‌ಆರ್‌ವಿ ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್. ಹಾಕದೆ ಇದ್ದವರು ಅವರೇ, ಅದು ಬೇರೆ ಮಾತು. ಆಗಿದ್ದಿಷ್ಟು: ಪಂಪಿನ ತಣ್ಣೀರು, ಎರಡೂ ನೀರು ಬೆರೆಸುವ ಮಿಕ್ಸರ್ ನಲ್ಲಿಯ ಒಳಗೆ ಬಡಪಾಯಿ ಬಿಸಿನೀರನ್ನು ಹಿಂದಕ್ಕೆ ತಳ್ಳಿ, ಅದರದೇ ಪೈಪಿನಲ್ಲಿ ಸೋಲಾರ್ ಟ್ಯಾಂಕಿಗೆ ಹತ್ತಿ, ಗಾಳಿಯಾಡಲಿ ಅಂತ ಬಾಯಿ ತೆರೆದೇ ಇಟ್ಟಿರುವ ಏರ್ ಪೈಪಿನಿಂದ ತಾರಸಿಗೆ ಚೆಲ್ಲುತ್ತಿತ್ತು. ಪಾಪ, ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮೇಲೆ ಪಂಪ್ ಹತ್ತಿಕೊಂಡು ಬೆಂಗಳೂರಿಗೆ ಬರುತ್ತಾಳೆ. ನಾನು ಅವಳನ್ನು ಬಚ್ಚಲಿಗೆ ಇಳಿಸಿ, ಇನ್ನೊಂದು ಸಲ ತಾರಸಿಗೆ ಹತ್ತಿಸುತ್ತಿದ್ದೆ.

ಬಿಸಿನೀರಿನ ಲೈನಿಗೆ ಎನ್‌ಆರ್‌ವಿ ಹಾಕಿದರು. ತಾರಸಿ ಒಣಗಿತು, ಶವರ್ ಮಾತ್ರ ತಣ್ಣಗೇ. ಕಾಲು ಕೆಜಿ ಪಂಪಿನ ಎರಡು ಕೆಜಿಯ ಎದುರು ಹೇಗೆ ಬಾಗಿಲು ತಳ್ಳುತ್ತೆ? "ತಣ್ಣೀರು ಸ್ವಲ್ಪ ಹಿಡೀಬೇಕು ಸಾರ್" ಅಂತ ಗೋಡೆಯ ವಾಲ್ವ್ ತಿರುಗಿಸುತ್ತಾ ಹೋದರು. ಮುಕ್ಕಾಲು ಭಾಗ ಮುಚ್ಚಿದ ಮೇಲೆ ಹದ ಬಂತು. ಅಂದರೆ ದುಡ್ಡು ಸುರಿದು ಪಂಪ್ ಹಾಕಿಸಿ, ಆಮೇಲೆ ಅದರ ಕತ್ತು ಹಿಚುಕಿ, ಹಳೇ ಶವರ್‌ಗೇ ಬಂದು ನಿಂತಿದ್ದೆ. ಆ ಜಾಗ ತಪ್ಪದಿರಲಿ ಅಂತ ಹೆಂಡತಿ ವಾಲ್ವ್‌ಗೆ ಕೆಂಪು ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಳು.

ಮೊನ್ನೆ ಅಕ್ಕನ ಮಗ ಬಂದಿದ್ದ. ಜಿಮ್ ಹುಡುಗ, ತಣ್ಣೀರಲ್ಲೇ ಸ್ನಾನ. ಅವನದಾದ ಮೇಲೆ ನಾನು ಹೋದೆ. ತಲೆ ತುಂಬ ಶಾಂಪೂ ಇದ್ದಾಗ ಬಾಗಿಲಾಚೆಯಿಂದ ಅವನ ದನಿ ಕೇಳಿಸಿತು.

"ಮಾವ, ನಿಮ್ಮ ವಾಲ್ವ್ ಮುಕ್ಕಾಲು ಮುಚ್ಚೇ ಇತ್ತು, ಅದಕ್ಕೇ ಪ್ರೆಶರ್ ಇರ್ಲಿಲ್ಲ. ಫುಲ್ ತೆಗ್ದಿದೀನಿ!"

ಮೇಲೆ 'ಘರ್ರ್' ಅಂದಿತು.